ಮುಯ್ಯಿ ಪುಸ್ತಕಕ್ಕೆ ಸೇರದ ಉಡುಗೊರೆ

ಮದುವೆ ಚಪ್ಪರದ ಬಾಗಿಲಲ್ಲಿ ಮೇಜು ಹಾಕಿಕೊಂಡು ಕೂತವನ ಮುಂದೆ ಒಂದು ನೋಟುಪುಸ್ತಕ ಇರುತ್ತದೆ. ಬಂದವರ ಹೆಸರು, ಊರು, ಕೊಟ್ಟ ಮೊತ್ತ, ಇಷ್ಟೇ ಅದರಲ್ಲಿ ಬರೆಯುವುದು. ಅದು ಮುಯ್ಯಿ ಪುಸ್ತಕ. ಚಪ್ಪರ ಬಿಚ್ಚಿದ ಮೇಲೂ ಆ ಪುಸ್ತಕ ಕಪಾಟಿನಲ್ಲಿ ಭದ್ರವಾಗಿ ಉಳಿಯುತ್ತದೆ. ನಾಳೆ ಅವರ ಮನೆಯಲ್ಲಿ ಮದುವೆಯಾದಾಗ ಇವರು ಎಷ್ಟು ಕೊಡಬೇಕೆಂದು ಅದೇ ತಾನೆ ಹೇಳಬೇಕು? ಕನ್ನಡದಲ್ಲಿ ಉಡುಗೊರೆಗೆ ಪ್ರತಿಯಾಗಿ ಕೊಡುವುದಕ್ಕೂ ಮುಯ್ಯಿ ಎನ್ನುತ್ತಾರೆ, ಹಗೆ ತೀರಿಸಿಕೊಳ್ಳುವುದಕ್ಕೂ ಮುಯ್ಯಿ ಎಂದೇ ಹೇಳುತ್ತಾರೆ. ಕೊಟ್ಟದ್ದನ್ನು ನೆನಪಿಟ್ಟುಕೊಂಡರೆ ಪ್ರೀತಿ ಎಲ್ಲಿ ಮುಗಿಯುತ್ತದೆ, ಲೆಕ್ಕ ಎಲ್ಲಿ ಶುರುವಾಗುತ್ತದೆ ಎಂಬ ಗಡಿ ಎಷ್ಟು ತೆಳುವಾದದ್ದೆಂದು ಈ ಮಾತನ್ನು ಕಟ್ಟಿದ ಹಿರಿಯರಿಗೆ ಚೆನ್ನಾಗಿ ಗೊತ್ತಿದ್ದಿರಬೇಕು.

ಮುಯ್ಯಿ ಪುಸ್ತಕವಿಲ್ಲದ ಹಬ್ಬ ಯಾವುದಿದೆ? ಕ್ರಿಸ್‌ಮಸ್ಸಿಗೂ ಅದು ಇದೆ. ಕಾಗದದಲ್ಲಿ ಇರುವುದಿಲ್ಲ, ಮನಸ್ಸಿನಲ್ಲಿರುತ್ತದೆ. ಡಿಸೆಂಬರಿನಲ್ಲಿ ಬೆಂಗಳೂರಿನ ಕಮರ್ಷಿಯಲ್ ಸ್ಟ್ರೀಟಿನಲ್ಲೋ ಮಂಗಳೂರಿನ ಹಂಪನಕಟ್ಟೆಯಲ್ಲೋ ಕೈತುಂಬ ಪೊಟ್ಟಣ ಹಿಡಿದು ನಿಂತವರನ್ನು ಗಮನಿಸಿ ನೋಡಿದರೆ ತಿಳಿಯುತ್ತದೆ. ತುಟಿ ಅಲ್ಲಾಡುತ್ತಿರುತ್ತದೆ. ಕಳೆದ ವರ್ಷ ಅವರು ಕೊಟ್ಟದ್ದು ಏನು, ಅದರ ಬೆಲೆ ಎಷ್ಟಿದ್ದೀತು, ಈ ಸಲ ಅದಕ್ಕಿಂತ ಕಡಿಮೆಯದನ್ನು ಕೊಂಡುಹೋದರೆ ಸರಿಯಾದೀತೆ ಎಂಬ ಲೆಕ್ಕ ಒಳಗೇ ನಡೆದಿರುತ್ತದೆ.

ಕರಾವಳಿಯ ಮನೆಗಳಲ್ಲಿ ಈ ಲೆಕ್ಕಕ್ಕೆ ಇನ್ನೊಂದು ಹೆಸರಿತ್ತು: ಗಲ್ಫ್ ಪೆಟ್ಟಿಗೆ. ಎಪ್ಪತ್ತರ ದಶಕದಿಂದ ಈಚೆಗೆ ಕುವೈತ್, ದುಬೈ, ಮಸ್ಕತ್ ಎಂದು ಹೊರಟ ಗಂಡಸರು ರಜೆಯ ಮೇಲೆ ಊರಿಗೆ ಬಂದಾಗ ಹಗ್ಗ ಬಿಗಿದ ದೊಡ್ಡ ಪೆಟ್ಟಿಗೆಯೊಂದು ಜೊತೆಯಲ್ಲಿ ಬರುತ್ತಿತ್ತು. ಸೆಂಟಿನ ಬಾಟಲಿ, ಸಾಬೂನು, ಚಾಕಲೇಟು, ಟಾಂಗ್ ಪುಡಿಯ ಡಬ್ಬ, ಹೊಳೆಯುವ ಬಟ್ಟೆ. ಪೆಟ್ಟಿಗೆ ಬಿಚ್ಚುವ ಸಂಜೆ ನೆಂಟರಿಷ್ಟರು ಒಬ್ಬೊಬ್ಬರಾಗಿ ಬಂದು, "ಈ ಸಲ ಎಂತ ತಂದದ್ದು?" ಎಂದು ನಗುನಗುತ್ತಲೇ ಕೇಳುತ್ತಿದ್ದರು. ಕೇಳಿದವರಲ್ಲಿ ದುರಾಸೆಯೇನೂ ಇರಲಿಲ್ಲ. ಆದರೆ ತಂದವನ ಮಟ್ಟಿಗೆ ಅದೊಂದು ವಾರ್ಷಿಕ ಪರೀಕ್ಷೆಯೇ.

ಮಂಗಳೂರಿನ ಹೊರವಲಯದ ಒಂದು ಕ್ರೈಸ್ತ ಮನೆಯಲ್ಲಿ ಈ ಪರೀಕ್ಷೆ ೧೯೯೦ರಲ್ಲಿ ಬಹಳ ಕಠಿಣವಾಗಿ ಬಂತು. ಆ ವರ್ಷದ ಆಗಸ್ಟ್ ೨ರಂದು ಇರಾಕಿನ ಸೈನ್ಯ ಕುವೈತಿಗೆ ನುಗ್ಗಿತು. ಮುಂದಿನ ಎರಡು ತಿಂಗಳುಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ವಿಮಾನಗಳಲ್ಲಿ ಊರಿಗೆ ಕರೆತರಲಾಯಿತು. ಬಸ್ಸಿನಲ್ಲಿ ಇರಾಕನ್ನು ದಾಟಿ, ಜೋರ್ಡಾನಿನ ಅಮ್ಮಾನ್ ಸೇರಿ, ಅಲ್ಲಿಂದ ಮುಂಬಯಿಗೆ ಹಾರಿ, ಮತ್ತೆ ಬಸ್ಸು ಹಿಡಿದು ಮಂಗಳೂರಿಗೆ ಬಂದವರಲ್ಲಿ ಈ ಮನೆಯ ಯಜಮಾನನೂ ಒಬ್ಬ. ಹತ್ತು ವರ್ಷ ಪೆಟ್ಟಿಗೆ ಹೊತ್ತು ಬಂದವನ ಹೆಗಲಲ್ಲಿ ಆ ಸಲ ಇದ್ದದ್ದು ಒಂದು ಕೈಚೀಲ. ಅದರೊಳಗೆ ಎರಡು ಅಂಗಿ, ಪಾಸ್‌ಪೋರ್ಟು, ಹೊದೆಯಲು ಯಾರೋ ಕೊಟ್ಟ ಕಂಬಳಿ.

ಜೀವ ಉಳಿಸಿಕೊಂಡು ಬಂದನಲ್ಲ ಎಂದು ಮನೆಯವರು ದೇವರಿಗೆ ಕೃತಜ್ಞತೆ ಹೇಳಿದರು. ಆದರೆ ನವೆಂಬರ್ ಕಳೆಯುತ್ತ ಬಂದಂತೆ ಅವನಿಗೆ ನಿದ್ದೆ ಹತ್ತದಾಯಿತು. ಹಬ್ಬಕ್ಕೆ ಹದಿನಾಲ್ಕು ಮನೆಗಳಿಗೆ ಕೊಡುವುದಿತ್ತು. ಹೆಂಡತಿಯ ಎರಡು ಬಳೆಗಳನ್ನು ಸೊಸೈಟಿಯಲ್ಲಿ ಅಡವಿಟ್ಟರೆ ಪೇಟೆಯಿಂದಲೇ ಏನಾದರೂ ತರಬಹುದೆಂದು ಅವನು ಸೂಚಿಸಿದ.

"ಹತ್ತು ವರ್ಷ ಕೊಟ್ಟು ಈಗ ಬರಿಗೈಯಲ್ಲಿ ಹೋದರೆ ಜನ ಎಂತ ಹೇಳಲಿಕ್ಕಿಲ್ಲ?"

ಆಕೆ ಪ್ರಾಥಮಿಕ ಶಾಲೆಯ ಟೀಚರು. "ಬರಿಗೈ ಯಾಕೆ? ಕೈಯಲ್ಲಿ ಕುಸ್ವಾರಿನ ತಟ್ಟೆ ಇರ್ತದಲ್ಲ" ಎಂದಳು. ಬಳೆಯ ಮಾತು ಅಲ್ಲಿಗೆ ನಿಂತಿತು. ಅವನ ನಾಚಿಕೆ ಮಾತ್ರ ನಿಲ್ಲಲಿಲ್ಲ.

ಈ ನಾಚಿಕೆ ಆ ಮನೆಯದಷ್ಟೇ ಅಲ್ಲ, ಅದಕ್ಕೊಂದು ಉದ್ದನೆಯ ಚರಿತ್ರೆಯೂ ಇದೆ. ಕ್ರಿಸ್‌ಮಸ್ ಎಂದರೆ ಅಂಗಡಿ ಎಂಬ ನಂಟು ಬಹಳ ಹಳೆಯದೇನಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ವಸಾಹತಿನಲ್ಲಿ ೧೬೫೯ರಿಂದ ೧೬೮೧ರವರೆಗೆ ಈ ಹಬ್ಬ ಆಚರಿಸಿದವರಿಗೆ ಐದು ಶಿಲಿಂಗ್ ದಂಡವಿತ್ತು! ಶುದ್ಧಾಚಾರದ ಪ್ಯೂರಿಟನ್ನರ ಕಣ್ಣಿಗೆ ಅದು ಕುಡಿತ, ಗದ್ದಲಗಳ ಹಬ್ಬ. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಬೀದಿ ಬಿಟ್ಟು ಮನೆಯೊಳಗೆ, ಮಕ್ಕಳ ನಡುವೆ ಬಂತು. ೧೮೪೩ರಲ್ಲಿ ಲಂಡನ್ನಿನಲ್ಲಿ ಎರಡು ಸಂಗತಿಗಳು ನಡೆದವು. ಚಾರ್ಲ್ಸ್ ಡಿಕನ್ಸನ 'ಎ ಕ್ರಿಸ್‌ಮಸ್ ಕ್ಯಾರೊಲ್' ಪ್ರಕಟವಾಯಿತು. ಅದೇ ವರ್ಷ, ಕೈಬರಹದ ಪತ್ರಗಳಿಗೆ ಉತ್ತರಿಸಲು ಬಿಡುವಿಲ್ಲದ ಹೆನ್ರಿ ಕೋಲ್ ಎಂಬ ಅಧಿಕಾರಿ ಚಿತ್ರಕಾರ ಹಾರ್ಸ್ಲಿಯಿಂದ ಮೊದಲ ಕ್ರಿಸ್‌ಮಸ್ ಕಾರ್ಡು ಬರೆಸಿ ಅಚ್ಚು ಹಾಕಿಸಿದ. ಆ ಕಾರ್ಡಿನ ನಡುವೆ ಔತಣಕ್ಕೆ ಕೂತ ಒಂದು ಕುಟುಂಬ, ಎರಡು ಪಕ್ಕಗಳಲ್ಲಿ ಬಡವರಿಗೆ ಅನ್ನ ನೀಡುವ, ಬಟ್ಟೆ ಹೊದಿಸುವ ಚಿತ್ರಗಳು. ಮುಂದೆ ಕಾರ್ಡುಗಳು ಲಕ್ಷಗಟ್ಟಲೆ ಅಚ್ಚಾದವು. ಆದರೆ ಪಕ್ಕದಲ್ಲಿದ್ದ ಬಡವರು ಹೆಚ್ಚಿನ ಕಾರ್ಡುಗಳಿಂದ ಮೆಲ್ಲನೆ ಜಾಗ ಖಾಲಿ ಮಾಡಿದರು.

ಇಪ್ಪತ್ತನೆಯ ಶತಮಾನದ ಹೊತ್ತಿಗೆ ಅಮೆರಿಕದಲ್ಲಿ ಹಬ್ಬವೇ ಅಂಗಡಿಗೆ ಹೊಂದಿಕೊಳ್ಳುವ ಕಾಲ ಬಂತು. ಅಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ಮೇಲೆ ಕ್ರಿಸ್‌ಮಸ್ ಖರೀದಿ ಶುರು. ೧೯೩೯ರಲ್ಲಿ ಆ ಹಬ್ಬ ನವೆಂಬರ್ ೩೦ಕ್ಕೆ ಬಿದ್ದು ವ್ಯಾಪಾರದ ದಿನಗಳು ಕಡಿಮೆಯಾಗುತ್ತವೆಂದು ವರ್ತಕರು ಗೋಗರೆದರು. ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಹಬ್ಬವನ್ನೇ ಒಂದು ವಾರ ಹಿಂದಕ್ಕೆ ತಂದರು. ಕೆಲವು ರಾಜ್ಯಗಳು ಒಪ್ಪಿದವು, ಕೆಲವು ಒಪ್ಪಲಿಲ್ಲ. ಒಂದೇ ದೇಶದಲ್ಲಿ ಒಂದೇ ಹಬ್ಬ ಎರಡು ಗುರುವಾರ ನಡೆಯಿತು. ನವೆಂಬರಿನ ನಾಲ್ಕನೆಯ ಗುರುವಾರ ಎಂದು ಕಾನೂನು ಮಾಡಿ ಈ ಗೊಂದಲ ಮುಗಿಸಿದ್ದು ೧೯೪೧ರಲ್ಲಿ.

ಈ ಅಬ್ಬರವನ್ನು ಪ್ರತಿಭಟಿಸಿದವರೂ ಇದ್ದರು. ಅವರು ಜಿಪುಣರಲ್ಲ ಎಂಬುದನ್ನು ಗಮನಿಸಬೇಕು. ಅಂಗಡಿ ಕೆಲಸಗಾರರಿಗಾಗಿ ದುಡಿದ ಫ್ಲಾರೆನ್ಸ್ ಕೆಲ್ಲಿ ೧೯೦೩ರಲ್ಲಿ ಒಂದು ಲೇಖನ ಬರೆದು, ಹಬ್ಬದ ಹಿಂದಿನ ವಾರಗಳಲ್ಲಿ ಮಾರಾಟದ ಹುಡುಗಿಯರೂ ಪೊಟ್ಟಣ ತಲುಪಿಸುವ ಪುಟ್ಟ ಹುಡುಗರೂ ರಾತ್ರಿಯ ತನಕ ದುಡಿದು ಬಸವಳಿಯುವುದನ್ನು ಎತ್ತಿ ತೋರಿಸಿದರು. ಖರೀದಿಯನ್ನು ಮೊದಲೇ ಮುಗಿಸಿರೆಂದು ಗಿರಾಕಿಗಳಿಗೆ ತಿಳಿಹೇಳುವ ಚಳವಳಿ ಆಗ ನಡೆಯಿತು. ೧೯೧೨ರಲ್ಲಿ ನ್ಯೂಯಾರ್ಕಿನಲ್ಲಿ 'ನಿರುಪಯುಕ್ತ ಕೊಡುಗೆ ತಡೆ ಸಂಘ' ಎಂಬರ್ಥದ ಹೆಸರಿನ ಒಂದು ಸಂಘವೇ ಹುಟ್ಟಿತು. ಅಂಗಡಿಯ ಹುಡುಗಿಯರು ತಮ್ಮ ಮೇಲಿನವರಿಗೆ ಹಬ್ಬದ ಉಡುಗೊರೆ ಕೊಡಲು ಸಂಬಳದಿಂದ ಚಂದಾ ಹಾಕಲೇಬೇಕಿತ್ತು. ಹಾಕದಿದ್ದರೆ ಕೆಲಸದ ಮೇಲೆ ಕಣ್ಣು ಬೀಳುವ ಭಯ. ಇದನ್ನು ನಿಲ್ಲಿಸಬೇಕೆಂದು ಎಲೀನರ್ ಬೆಲ್ಮಾಂಟ್, ಆನ್ ಮಾರ್ಗನ್ ಎಂಬ ಸಿರಿವಂತ ಮಹಿಳೆಯರು ಆ ಹುಡುಗಿಯರ ಜೊತೆ ನಿಂತರು. ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಕೂಡ ಸದಸ್ಯರಾದರು. ಕೊಡಲು ಮನಸ್ಸಿಲ್ಲ ಎಂದು ಬಾಯಿಬಿಟ್ಟು ಹೇಳಲಾರದವನಿಂದ ತೆಗೆದುಕೊಂಡದ್ದು ಉಡುಗೊರೆಯಲ್ಲ, ಅದು ತೆರಿಗೆ. ಆ ಹುಡುಗಿಯರ ಅಳಲಿಗೂ ಮಂಗಳೂರಿನಲ್ಲಿ ಬಳೆ ಅಡವಿಡಲು ಹೊರಟವನ ಅಂಜಿಕೆಗೂ ಬಹಳ ದೂರವೇನಿಲ್ಲ.

ಡಿಸೆಂಬರ್ ಮೂರನೆಯ ವಾರ ಆ ಮನೆಯಲ್ಲಿ ಕುಸ್ವಾರ್ ಶುರುವಾಯಿತು. ಕ್ರಿಸ್‌ಮಸ್ಸಿಗೆ ಮಾಡುವ ಬಗೆಬಗೆಯ ತಿಂಡಿಗಳಿಗೆ ಕೊಂಕಣಿ ಕ್ರೈಸ್ತರು ಒಟ್ಟಾಗಿ ಕುಸ್ವಾರ್ ಎನ್ನುತ್ತಾರೆ. ಒಳಗೆ ಸಿಹಿ ಹೂರಣ ತುಂಬಿದ ನೆವ್ರಿ, ಹೊಸ ಬಾಚಣಿಗೆಯ ಮೇಲೆ ಹಿಟ್ಟನ್ನು ಒತ್ತಿ ಸುರುಳಿ ಸುತ್ತುವ ಕಿಡಿಯೊ, ಗುಂಡಗಿನ ಗುಳಿಯೊ, ಹೂವಿನಂತೆ ಅರಳುವ ರೋಸ್ ಕುಕ್ಕೀಸ್, ಚಕ್ಕುಲಿ, ಕೇಕು. ಹತ್ತು ವರ್ಷಗಳಲ್ಲಿ ಯಜಮಾನ ಇದನ್ನೆಲ್ಲ ತಿಂದಿದ್ದನೇ ಹೊರತು ಮಾಡುವುದನ್ನು ಕೂತು ನೋಡಿರಲಿಲ್ಲ. ಆ ವರ್ಷ ಬೇರೆ ಕೆಲಸವಿಲ್ಲದ್ದರಿಂದ ಅವನೂ ಕಿಡಿಯೊ ಒತ್ತಲು ಚಾಪೆಯ ಮೇಲೆ ಕೂತ. ಮೊದಲ ದಿನ ಅವನು ಒತ್ತಿದ್ದೆಲ್ಲ ಎಣ್ಣೆಯಲ್ಲಿ ಬಿಚ್ಚಿಕೊಂಡಿತು. ಪಿಯುಸಿ ಓದುವ ಮಗಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು.

ತಟ್ಟೆ ಜೋಡಿಸುವ ಸಂಜೆ ಟೀಚರು ಹೇಳುತ್ತ ಹೋದಳು, ಅವನು ಇಡುತ್ತ ಹೋದ.

"ಮೇಲಿನ ಮನೆ ಅಜ್ಜಿಗೆ ಹಲ್ಲಿಲ್ಲ, ಚಕ್ಕುಲಿ ಬೇಡ, ಕೇಕು ಎರಡು ತುಂಡು ಜಾಸ್ತಿ ಇಡಿ. ಭಟ್ರ ಮನೆಗೆ ಮೊಟ್ಟೆ ಹಾಕಿದ್ದು ಒಂದೂ ಬೇಡ. ಅವರದ್ದು ಮೊದಲ ದಿನ ಹೊಸ ಎಣ್ಣೆಯಲ್ಲಿ ಕರಿದು ಬೇರೆ ಡಬ್ಬದಲ್ಲಿ ಇಟ್ಟಿದ್ದೇನೆ. ರಿಕ್ಷಾದವರ ಮನೆಯಲ್ಲಿ ಮೂರು ಮಕ್ಕಳು, ಕಿಡಿಯೊ ತುಂಬ ಇರಲಿ. ನಿಮ್ಮ ತಮ್ಮನ ಮನೆಗೆ ಚಕ್ಕುಲಿಯೇ ಹೆಚ್ಚು ಹಾಕಿ, ಅವರಿಗೆ ಸಕ್ಕರೆ ಕಾಯಿಲೆ."

ಅವನ ಕೈ ನಿಂತಿತು. "ಸಕ್ಕರೆ ಕಾಯಿಲೆಯಾ? ಯಾವಾಗಿಂದ?"

"ಮೂರು ವರ್ಷ ಆಯ್ತಲ್ಲ."

ಆ ಮೂರು ವರ್ಷವೂ ಅವನು ತಮ್ಮನಿಗೆ ತಂದುಕೊಟ್ಟದ್ದು ದೊಡ್ಡ ಡಬ್ಬದ ಚಾಕಲೇಟು. ತಮ್ಮ ಪ್ರತಿ ಸಲವೂ ಎರಡು ಕೈ ಚಾಚಿ ತೆಗೆದುಕೊಂಡು, ಬಹಳ ಸಂತೋಷ ಎಂದು ಹೇಳಿದ್ದ.

ಇಂಥ ಚಾಕಲೇಟು ಡಬ್ಬಗಳ ಬಗೆಗೆ ೧೯೯೩ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಜೋಯೆಲ್ ವಾಲ್ಡ್‌ಫೋಗೆಲ್ ಒಂದು ಪ್ರಬಂಧ ಬರೆದ. ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ಅವನು ಎರಡು ಪ್ರಶ್ನೆ ಕೇಳಿದ್ದ: ನಿಮಗೆ ಕ್ರಿಸ್‌ಮಸ್ಸಿಗೆ ಬಂದ ಉಡುಗೊರೆಗಳಿಗೆ ಕೊಟ್ಟವರು ಎಷ್ಟು ಖರ್ಚು ಮಾಡಿದ್ದಾರು? ಪ್ರೀತಿಯ ಬೆಲೆ ಬದಿಗಿಟ್ಟರೆ, ಆ ವಸ್ತು ನಿಮ್ಮ ಪಾಲಿಗೆ ಎಷ್ಟು ಬೆಲೆಯದು? ಎರಡು ಉತ್ತರಗಳ ನಡುವೆ ಉಡುಗೊರೆಯ ಬೆಲೆಯ ಹತ್ತರಲ್ಲೊಂದು ಪಾಲಿನಿಂದ ಮೂರರಲ್ಲೊಂದು ಪಾಲಿನವರೆಗೆ ಸೋರಿಹೋಗುತ್ತದೆಂದು ಅವನು ಲೆಕ್ಕ ಹಾಕಿದ. ಗೆಳೆಯರು ಕೊಟ್ಟದ್ದರಲ್ಲಿ ಸೋರಿಕೆ ಕಡಿಮೆ. ದೂರದ ಸೋದರಮಾವ, ಅತ್ತೆ, ಅಜ್ಜ, ಅಜ್ಜಿಯರು ಕೊಟ್ಟದ್ದರಲ್ಲಿ ಹೆಚ್ಚು.

ಪ್ರೀತಿಯನ್ನು ಬದಿಗಿಟ್ಟರೆ ಉಡುಗೊರೆಯಲ್ಲಿ ಉಳಿಯುವುದಾದರೂ ಏನು ಎಂದು ಅನೇಕರು ಅವನನ್ನು ಗೇಲಿ ಮಾಡಿದರು. ಗೇಲಿ ನ್ಯಾಯವೇ. ಆದರೂ ಆ ಲೆಕ್ಕದಲ್ಲೊಂದು ನಿಜ ಇದೆ. ಅಜ್ಜಿಗೆ ಮೊಮ್ಮಗನ ಮೇಲೆ ಗೆಳೆಯನಿಗಿಂತ ಪ್ರೀತಿ ಕಡಿಮೆಯೆ? ಇಲ್ಲ. ಕಡಿಮೆಯಿರುವುದು ಅವನ ಈ ವರ್ಷದ ಸುದ್ದಿ. ಪ್ರೀತಿ ಎಷ್ಟಿದ್ದರೂ ಕೊಳ್ಳುವ ಹೊತ್ತಿಗೆ ಬೇಕಾದದ್ದು ಸುದ್ದಿ. ಟೀಚರಿಗೆ ಹದಿನಾಲ್ಕು ಮನೆಗಳ ಸುದ್ದಿ ಗೊತ್ತಿತ್ತು. ಅದರಿಂದಲೇ ಒಂದೇ ಹಿಟ್ಟು, ಒಂದೇ ಎಣ್ಣೆಯಲ್ಲಿ ಹದಿನಾಲ್ಕು ಬೇರೆ ಬೇರೆ ತಟ್ಟೆಗಳಾದವು. ಅವಳ ಗಂಡ ಮರಳುಗಾಡಿನ ಬಿಸಿಲಲ್ಲಿ ದುಡಿದ ದುಡ್ಡಿನಲ್ಲಿ ಎಲ್ಲರಿಗೂ ಒಂದೇ ಸೆಂಟು ತಂದಿದ್ದ. ಅವನ ಪ್ರೀತಿಯೇನೂ ಸುಳ್ಳಾಗಿರಲಿಲ್ಲ, ಊರಿನ ಸುದ್ದಿಯಿಂದ ಅವನು ದೂರವಿದ್ದ ಅಷ್ಟೆ.

ಇನ್ನು ಮಗನ ಮಾತು. ನಾಲ್ಕನೆಯ ತರಗತಿಯ ಹುಡುಗ ಸೈಕಲ್ಲು ಬೇಕೆಂದು ಸಾಂಟಾಕ್ಲಾಸನಿಗೆ ಚೀಟಿ ಬರೆದು ಗೋದಲಿಯ ಹುಲ್ಲಿನ ಕೆಳಗೆ ಇಟ್ಟಿದ್ದ. ಗೋದಲಿ ಎಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಪ್ರತಿರೂಪ. ತಂದೆ ಆ ಚೀಟಿ ಓದಿ ಮತ್ತೆ ಅಲ್ಲೇ ಇಟ್ಟ.

ಸಾಂಟಾಕ್ಲಾಸನ ಮೂಲವೆಂದು ಹೇಳುವ ಸಂತ ನಿಕೋಲಾಸ್ ನಾಲ್ಕನೆಯ ಶತಮಾನದಲ್ಲಿ ಈಗಿನ ತುರ್ಕಿಯ ಮೈರಾ ಎಂಬ ಊರಿನ ಬಿಷಪ್. ಅವನ ಬಗೆಗಿನ ಐತಿಹ್ಯ ಇಲ್ಲಿನವರಿಗೆ ಬೇಗ ಅರ್ಥವಾಗುವಂಥದು. ವರದಕ್ಷಿಣೆ ಹೊಂದಿಸಲಾಗದೆ ಮೂರು ಹೆಣ್ಣುಮಕ್ಕಳ ತಂದೆಯೊಬ್ಬ ಕಂಗಾಲಾಗಿದ್ದ. ನಿಕೋಲಾಸ್ ರಾತ್ರಿಯ ಹೊತ್ತು ಕಿಟಕಿಯಿಂದ ಚಿನ್ನದ ಗಂಟು ಎಸೆದು ಹೋದನಂತೆ. ಅವನು ಕದ್ದುಮುಚ್ಚಿ ಕೊಟ್ಟದ್ದರಲ್ಲೇ ಕಥೆಯ ಸಾರವಿದೆ. ಕೊಟ್ಟವನು ಯಾರೆಂದು ತಿಳಿಯದಿದ್ದರೆ ತೆಗೆದುಕೊಂಡವನು ಯಾರಿಗೂ ತಲೆ ತಗ್ಗಿಸಬೇಕಿಲ್ಲ. ಅಲ್ಲಿ ಮುಯ್ಯಿ ಪುಸ್ತಕಕ್ಕೆ ಜಾಗವೇ ಇಲ್ಲ. ತಂದೆತಾಯಿಯರು ಸಾಂಟಾನ ಬೆನ್ನ ಹಿಂದೆ ಅಡಗಿ ಕೊಡುವುದೂ ಹೀಗೆಯೇ. ಮಗುವಿನ ಕೃತಜ್ಞತೆಯನ್ನು ಕೂಡ ಬಿಟ್ಟುಕೊಡುವ ಕೊಡುಗೆ ಅದು.

ಆದರೆ ಈ ಸೊಗಸಾದ ಆಟದಲ್ಲಿ ಒಂದು ಮುಳ್ಳಿದೆ. ಒಳ್ಳೆಯ ಮಕ್ಕಳಿಗೆ ಸಾಂಟಾ ಕೊಡುತ್ತಾನೆ ಎಂದು ಹೇಳಿಟ್ಟ ಮೇಲೆ, ಪಕ್ಕದ ಬೆಂಚಿನವನಿಗೆ ಸೈಕಲ್ಲು ಬಂದು ತನಗೆ ಬರದಿದ್ದರೆ ಹುಡುಗ ಏನೆಂದು ತಿಳಿಯಬೇಕು? ತಾನು ಕೆಟ್ಟವನು ಎಂದೆ? ಬಡತನವನ್ನು ಮಗು ತನ್ನ ತಪ್ಪೆಂದು ಓದಿಕೊಳ್ಳುವ ಅಪಾಯ ಅಲ್ಲಿದೆ.

ಹಬ್ಬಕ್ಕೆ ಮೂರು ದಿನ ಇರುವಾಗ ತಂದೆ ಮಗನನ್ನು ಅಂಗಳಕ್ಕೆ ಕರೆದು ಹೇಳಿದ: "ನೋಡು ಮಗಾ, ಇಷ್ಟು ವರ್ಷ ತಂದದ್ದು ಸಾಂಟಾ ಅಲ್ಲ, ನಾನೇ. ಈ ವರ್ಷ ನನಗೆ ಕೆಲಸ ಇಲ್ಲ. ನಿನ್ನದೇನೂ ತಪ್ಪಿಲ್ಲ."

ಹುಡುಗ ಅರ್ಥ ಮಾಡಿಕೊಂಡು ತಂದೆಯನ್ನು ಅಪ್ಪಿಕೊಂಡನೆಂದು ಬರೆದರೆ ಸುಳ್ಳಾಗುತ್ತದೆ. ಅವನು ಎರಡು ದಿನ ಮಾತಾಡಲಿಲ್ಲ, ಒಂದು ನೆವ್ರಿಯನ್ನೂ ಮುಟ್ಟಲಿಲ್ಲ. ಮೂರನೆಯ ದಿನ ತಟ್ಟೆ ಹಂಚಲು ತಂದೆ ಹೊರಟಾಗ ಚಪ್ಪಲಿ ಹಾಕಿಕೊಂಡು ಸುಮ್ಮನೆ ಹಿಂದೆ ಹೊರಟ. ಭಟ್ಟರ ಮನೆಯ ಅಮ್ಮ ತಟ್ಟೆ ತೊಳೆದು, ಹಿತ್ತಿಲಿನ ಒಂದು ಕಟ್ಟು ಬಸಳೆ ಇಟ್ಟು ಹಿಂದಿರುಗಿಸಿದರು. ಬರಿ ತಟ್ಟೆ ಕೊಡಬಾರದಲ್ಲ! ಆ ಬಸಳೆ ಕಟ್ಟನ್ನು ಹುಡುಗ ಮನೆಯ ತನಕ ಹೊತ್ತು ತಂದ.

ಎಲ್ಲವೂ ಸುಸೂತ್ರವಾಯಿತೆಂದಲ್ಲ. ಹದಿನಾಲ್ಕರಲ್ಲಿ ಒಂದು ಮನೆಯವರು ತಟ್ಟೆಯ ಹಿಂದೆ ಇನ್ನೇನಾದರೂ ಇದೆಯೋ ಎಂಬಂತೆ ಬಾಗಿಲ ಕಡೆಗೆ ನೋಡಿದರು, ಮುಂದಿನ ವರ್ಷ ಇವರ ಮನೆಗೆ ಬರಲಿಲ್ಲ. ತಮ್ಮ ಮಾತ್ರ ಮರುದಿನವೇ ಬಂದು ರಾತ್ರಿಯ ತನಕ ಕೂತಿದ್ದ. ೧೯೯೧ರಲ್ಲಿ ಕುವೈತ್ ಬಿಡುಗಡೆಯಾದ ಮೇಲೆ ಯಜಮಾನ ಮತ್ತೆ ಗಲ್ಫಿಗೆ ಹೋದ, ಪೆಟ್ಟಿಗೆಯೂ ಮತ್ತೆ ಬಂತು. ಆದರೆ ಈಗ ಪೆಟ್ಟಿಗೆ ತುಂಬುವ ಮೊದಲು ಅವನಿಂದ ಮನೆಗೆ ಒಂದು ಕಾಗದ ಬರುತ್ತಿತ್ತು: ಯಾರಿಗೆ ಹೇಗಿದೆ, ಯಾರ ಮನೆಯಲ್ಲಿ ಏನು ನಡೆದಿದೆ, ಬರಿ. ಅವನ ಮೊದಲ ಪೆಟ್ಟಿಗೆಯಲ್ಲಿ ತಮ್ಮನಿಗೆಂದು ಬಂದದ್ದು ಸಕ್ಕರೆ ಅಂಶ ನೋಡುವ ಪುಟ್ಟ ಯಂತ್ರ. ಮಗನಿಗೆ ಸೈಕಲ್ಲು ಸಿಕ್ಕುವಷ್ಟರಲ್ಲಿ ಅವನ ಮನಸ್ಸು ಕ್ರಿಕೆಟ್ ಬ್ಯಾಟಿನ ಮೇಲಿತ್ತು. ಸಂತೆಗೆ ಹೋದವನು ಬರುವಷ್ಟರಲ್ಲಿ ಮಕ್ಕಳ ಆಸೆ ಬದಲಾಗುವುದು ಎಂದಿನ ಕತೆ.

ಇಂದು ಉಡುಗೊರೆ ಕೊಳ್ಳಲು ಕಮರ್ಷಿಯಲ್ ಸ್ಟ್ರೀಟಿಗೂ ಹೋಗಬೇಕಿಲ್ಲ. ಮೊಬೈಲಿನಲ್ಲಿ ಬೆರಳು ಒತ್ತಿದರೆ ಬಣ್ಣದ ಕಾಗದ ಸುತ್ತಿದ ಪೊಟ್ಟಣ ನೇರವಾಗಿ ಅವರ ಬಾಗಿಲಿಗೆ ಹೋಗುತ್ತದೆ. ಕೊಟ್ಟವರ ಕೈ ಅದನ್ನು ಮುಟ್ಟಿರುವುದೇ ಇಲ್ಲ. ದೂರದಲ್ಲಿರುವವರಿಗೆ ಇದೊಂದು ಅನುಕೂಲ, ಬೈಯಬೇಕಾಗಿಲ್ಲ. ಪೊಟ್ಟಣ ಹೊತ್ತು ಮೆಟ್ಟಿಲು ಹತ್ತುವ ಹುಡುಗನಿಗೆ ಆ ವಾರ ಎಷ್ಟು ಪೊಟ್ಟಣಗಳಿರುತ್ತವೆಂದು ನೆನೆದರೆ ಸಾಕು. ಫ್ಲಾರೆನ್ಸ್ ಕೆಲ್ಲಿ ೧೯೦೩ರಲ್ಲಿ ಕೇಳಿದ್ದೂ ಅದನ್ನೇ.

ಶಾಲೆಗಳಲ್ಲಿ ಈಗ ಡಿಸೆಂಬರ್ ಬಂದರೆ 'ಸೀಕ್ರೆಟ್ ಸಾಂಟಾ' ಆಟ. ಎಲ್ಲ ಮತಗಳ ಮಕ್ಕಳೂ ಆಡುತ್ತಾರೆ. ಚೀಟಿ ಎತ್ತಿ, ಬಂದ ಹೆಸರಿನವರಿಗೆ ಗುಟ್ಟಾಗಿ ಉಡುಗೊರೆ ಕೊಡಬೇಕು. ಇಂತಿಷ್ಟು ರೂಪಾಯಿ ಮೀರಬಾರದೆಂದು ಟೀಚರು ಮಿತಿ ಹಾಕುವುದು ಒಳ್ಳೆಯ ಕ್ರಮ. ಚೀಟಿ ಹಿಡಿದು ಬಂದ ಮಗು, "ಅಮ್ಮಾ, ಅವನಿಗೆ ಏನು ಕೊಡಲಿ?" ಎಂದು ಕೇಳಿದಾಗ ತಾಯಿ ಕೂಡಲೇ ಪರ್ಸು ತೆಗೆಯದೆ ಎರಡು ದಿನ ತಡೆದರೆ ನಷ್ಟವಿಲ್ಲ. ಆ ಹುಡುಗ ಮಧ್ಯಾಹ್ನದ ಡಬ್ಬಿಯಲ್ಲಿ ಏನು ತರುತ್ತಾನೆ, ಬಿಡುವಿನಲ್ಲಿ ಯಾರ ಜೊತೆ ಆಡುತ್ತಾನೆ, ಯಾವ ಪೀರಿಯಡ್ಡಿನಲ್ಲಿ ಅವನ ಮುಖ ಅರಳುತ್ತದೆ ಎಂದು ಕೇಳಬಹುದು. "ನನಗೆ ಗೊತ್ತಿಲ್ಲ" ಎಂದು ಮಗು ಹೇಳಿದರೆ, ನಾಳೆ ನೋಡಿಕೊಂಡು ಬಾ ಎನ್ನಬಹುದು.